ಈ ಮೂಟೆ ಯಾವ ಬ್ರಾಂಚಿನದು?

ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡಿದರೆ ಆಯುಧಪೂಜೆಯ ದಿನ ಹಾರ ಬೀಳುವುದು ಕಂಪ್ಯೂಟರಿಗೆ. ತಪ್ಪು ಮಾಡಿದರೆ ಮೆಮೊ ಬರುವುದು ಅದರ ಮುಂದೆ ಕೂತವರಿಗೆ. ಇಂಥದ್ದು ಒಂದೆರಡು ಸಲ ಆಗಿ ನಿಂತಿದ್ದರೆ ನಾನೂ ಮರೆತುಬಿಡುತ್ತಿದ್ದೆ. ಆದರೆ ತೊಂಬತ್ತರ ದಶಕದ ನಡುವಿನ ಆ ನಾಲ್ಕೈದು ವರ್ಷ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಆಗುತ್ತಲೇ ಹೋಯಿತು. ಈಗ ಹೇಳುವಾಗ ಕೇಳಿದವರು ನಗುತ್ತಾರೆ. ಆಗ ನಗದೇ ಇದ್ದವಳು ನಾನೊಬ್ಬಳೇ.

ನಾನು ಕೆಲಸಕ್ಕಿದ್ದದ್ದು ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ. ಹೆಸರು ಬೇಡ, ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಮದುವೆ ಮನೆಗಳಲ್ಲಿ ಎದುರಾಗುತ್ತಾರೆ. ಮುಖ್ಯ ಕಚೇರಿ ಶಿಕಾರಿಪುರದಲ್ಲಿ, ಒಂದು ಶಾಖೆ ಸೊರಬದಲ್ಲಿ. ನಾನು ಸೇರಿದ್ದು ಟೈಪಿಸ್ಟ್ ಆಗಿ. ಒಂದು ದಿನ ಶಿವಮೊಗ್ಗದಿಂದ ಎರಡು ಕಂಪ್ಯೂಟರ್ ಬಂದವು, ಊರಿಗೊಂದರಂತೆ. ಟೈಪ್ ಮಾಡಲು ಬರುವವಳಿಗೆ ಅದೂ ಬರುತ್ತದೆ ಎಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಸಂಬಳ ಮೊದಲಿನದೇ, ಹುದ್ದೆ ಮೊದಲಿನ ಹಾಗೇ ಹಂಗಾಮಿ. ಹಮಾಲರು ಮಾತ್ರ ನನ್ನನ್ನು ಟೈಪಮ್ಮ ಅನ್ನುವುದು ಬಿಟ್ಟು ಕಂಪ್ಯೂಟರಮ್ಮ ಅನ್ನತೊಡಗಿದರು. ಅದೊಂದೇ ನನಗೆ ಸಿಕ್ಕಿದ ಬಡ್ತಿ.

ಅನುಮತಿ ಇಲ್ಲದ ಶಾಖೆ

ಬೆಳೆಗಾರರು ತಂದ ಪ್ರತಿ ಮೂಟೆಗೂ ಒಂದು ಚೀಟಿ ಅಚ್ಚು ಹಾಕುವುದು ಕಂಪ್ಯೂಟರಿನ ಕೆಲಸ. ಬೆಳೆಗಾರನ ಹೆಸರು, ಹಳ್ಳಿ, ತೂಕ, ಅಡಿಕೆಯ ದರ್ಜೆ, ಮೂಲೆಯಲ್ಲಿ ಸಣ್ಣದಾಗಿ ಕಚೇರಿಯ ಊರು, ಇಷ್ಟೇ. ಪ್ರೋಗ್ರಾಮ್ ಬರೆದುಕೊಟ್ಟವನು ಶಿವಮೊಗ್ಗದ ಒಬ್ಬ ಎಂಜಿನಿಯರ್. ಅದು ಶುರುವಾದ ತಿಂಗಳಲ್ಲೇ ಸೊರಬದವರು, ನಮ್ಮ ಚೀಟಿಯಲ್ಲಿ ಹಳ್ಳಿಯ ಹೆಸರು ಮೇಲೆ ಬರಬೇಕು, ಶಿಕಾರಿಪುರದವರದ್ದರ ಹಾಗೆ ಅಡಿಯಲ್ಲಲ್ಲ ಎಂದು ಹಟ ಹಿಡಿದರು. ಎಂಜಿನಿಯರ್ ಒಂದೇ ಪ್ರೋಗ್ರಾಮನ್ನು ಎರಡು ದಾರಿ ಮಾಡಿದ. ಮೂಲದ್ದು ಶಿಕಾರಿಪುರಕ್ಕೆ, ಅದರಿಂದ ಕವಲೊಡೆದದ್ದು ಸೊರಬಕ್ಕೆ. ಮೂಲ ಯಾವುದು, ಕವಲು ಯಾವುದು, ಯಾರು ಯಾವಾಗ ಏನು ತಿದ್ದಿದರು ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ಸಿವಿಎಸ್ ಎಂಬ ಒಂದು ವ್ಯವಸ್ಥೆಯನ್ನು ಶಿಕಾರಿಪುರದ ಯಂತ್ರದೊಳಗೆ ಹಾಕಿದ. ಎರಡು ದಿನ ನನಗೆ ಕಲಿಸಿದ. ಮೂರನೆಯ ದಿನ ಬಸ್ ಹತ್ತಿದ. ಆ ಕವಲಿಗೆ ಅವನ ಭಾಷೆಯಲ್ಲಿ ಬ್ರಾಂಚ್ ಎಂದು ಹೆಸರು.

ನಾನು ತಿಂಗಳ ವರದಿಯಲ್ಲಿ ನಿಷ್ಠೆಯಿಂದ ಒಂದು ಸಾಲು ಬರೆದೆ: "ಈ ತಿಂಗಳು ಸೊರಬ ಎಂಬ ಹೊಸ ಬ್ರಾಂಚ್ ತೆರೆಯಲಾಗಿದೆ."

ಆ ವರದಿ ಆಡಳಿತ ಮಂಡಳಿಯ ಸಭೆಗೆ ಹೋಯಿತು. ಸೊರಬದಲ್ಲಿ ಒಂದು ಶಾಖೆ ಇರುವಾಗ ಎರಡನೆಯದನ್ನು ತೆರೆದವರು ಯಾರು ಎಂದು ಒಬ್ಬ ನಿರ್ದೇಶಕರು ಎದ್ದು ನಿಂತರು. ಅಧ್ಯಕ್ಷರು ತಮ್ಮ ಬೀಗರ ಕಟ್ಟಡಕ್ಕೆ ಬಾಡಿಗೆ ಕೊಡಿಸಲು ಗುಟ್ಟಾಗಿ ತೆರೆಸಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ಅಧ್ಯಕ್ಷರು ಮೇಜು ಕುಟ್ಟಿದರು. ಕೊನೆಗೆ ನನ್ನನ್ನು ಒಳಗೆ ಕರೆಸಿದರು. ಶಾಖೆ ಇರುವುದು ಕಂಪ್ಯೂಟರಿನ ಒಳಗೆ, ಅದಕ್ಕೆ ಕಟ್ಟಡವಿಲ್ಲ, ಬಾಡಿಗೆಯಿಲ್ಲ, ಸಿಬ್ಬಂದಿಯಿಲ್ಲ ಎಂದು ಹತ್ತು ನಿಮಿಷ ವಿವರಿಸಿದೆ. ಎಲ್ಲರೂ ಸಮಾಧಾನದಿಂದ ಕೇಳಿದರು. ಮುಗಿದ ಮೇಲೆ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ:

"ಉದ್ಘಾಟನೆ ಯಾರ ಕೈಲಿ ಮಾಡಿಸಿದ್ರಿ?"

ಯಾರ ಕೈಯಲ್ಲೂ ಇಲ್ಲ ಎಂದೆ. ಅಲ್ಲಿಯವರೆಗೆ ಜಗಳವಾಡುತ್ತಿದ್ದ ಮಂಡಳಿ ಆ ಕ್ಷಣದಲ್ಲಿ ಒಂದಾಯಿತು. ನನಗೆ ಲಿಖಿತ ಎಚ್ಚರಿಕೆ, ಶಾಖೆಗೆ ಘಟನೋತ್ತರ ಮಂಜೂರಾತಿ. ಮುಂದಿನ ವಾರ ಅಧ್ಯಕ್ಷರು ಸೊರಬಕ್ಕೆ ಹೋಗಿ ಕಂಪ್ಯೂಟರಿನ ಮುಂದೆ ಕಟ್ಟಿದ್ದ ರಿಬ್ಬನ್ ಕತ್ತರಿಸಿದರು. ಆ ಫೋಟೊ ಬಹಳ ವರ್ಷ ಕಚೇರಿಯ ಗೋಡೆಯ ಮೇಲಿತ್ತು. ಅದರಲ್ಲಿ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಗಳಿದ್ದಾರೆ, ಹಾರ ಹಾಕಿದ ಕಂಪ್ಯೂಟರ್ ಇದೆ, ಮತ್ತೆ ಕತ್ತರಿಯ ತಟ್ಟೆ ಹಿಡಿದ ನನ್ನ ಎರಡು ಕೈಗಳಿವೆ.

ಜಡೆಯಿಂದ ಬಂದ ಅಡಿಕೆ

ಶಿಕಾರಿಪುರದ ಯಂತ್ರದಲ್ಲಿ ಜಾಗ ಕಡಿಮೆ. ಮೂಲ ಪ್ರೋಗ್ರಾಮ್, ಕವಲಿನ ಪ್ರೋಗ್ರಾಮ್ ಎರಡನ್ನೂ ಒಟ್ಟಿಗೆ ಬಿಚ್ಚಿಡಲು ಆಗುತ್ತಿರಲಿಲ್ಲ. ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊರಗೆ ತೆಗೆಯಬೇಕು. ಸೊರಬದ ಪ್ರೋಗ್ರಾಮಿನಲ್ಲಿ ಏನಾದರೂ ತಿದ್ದಿದರೆ ಅದನ್ನು ಫ್ಲಾಪಿಗೆ ತುಂಬಿಕೊಂಡು ಬೆಳಗಿನ ಬಸ್ಸಿನಲ್ಲಿ ನಾನೇ ಹೋಗಿ ಅಲ್ಲಿ ಹಾಕಿಬರಬೇಕು. ತೊಂದರೆ ಏನೆಂದರೆ ಎರಡೂ ನೋಡಲು ಒಂದೇ ಥರ. ಈಗ ಹೊರಗಿರುವುದು ಯಾವ ಬ್ರಾಂಚ್ ಎಂದು ಪರದೆ ನೋಡಿ ಹೇಳುವಂತಿರಲಿಲ್ಲ. ನೆನಪೇ ಆಧಾರ.

ಒಂದು ದಿನ ನೆನಪು ಕೈಕೊಟ್ಟಿತು. ಶಿಕಾರಿಪುರದ್ದನ್ನೇ ತುಂಬಿಕೊಂಡು ಹೋಗಿ ಸೊರಬದ ಯಂತ್ರಕ್ಕೆ ಹಾಕಿದೆ. ಹೊರಗೆ ಮೂಟೆಗಳ ಸಾಲು. ಚೀಟಿಗಳು ಒಂದರ ಹಿಂದೆ ಒಂದು ಬಂದವು, ಹಮಾಲರು ಗೋಂದು ಬಳಿದು ಅಂಟಿಸುತ್ತಾ ಹೋದರು. ಅರವತ್ತು ಮೂಟೆ ದಾಟಿದ ಮೇಲೆ ಜಡೆ ಎಂಬ ಹಳ್ಳಿಯ ಒಬ್ಬ ಬೆಳೆಗಾರರು ಕನ್ನಡಕ ಹಾಕಿಕೊಂಡು ತಮ್ಮ ಚೀಟಿ ಓದಿದರು. ಆಮೇಲೆ ನನ್ನ ಮೇಜಿಗೆ ಬಂದರು.

"ಎಂತ ಮೇಡಂ ಇದು? ನಾನು ಬೆಳಿಗ್ಗೆ ಜಡೆಯಲ್ಲಿ ಬಸ್ ಹತ್ತಿ ಸೀದಾ ಇಲ್ಲಿಗೆ ಬಂದವ. ನನ್ನ ಅಡಿಕೆ ಯಾವಾಗ ಶಿಕಾರಿಪುರ ನೋಡಿಕೊಂಡು ಬಂತು?"

ಅವರು ತಮಾಷೆ ಮಾಡುತ್ತಿರಲಿಲ್ಲ. ಬೇರೆಯವರ ಅಡಿಕೆ ಕೊಂಡು ತಮ್ಮದೆಂದು ತಂದು ಮಾರುವವರ ಸದಸ್ಯತ್ವ ರದ್ದು ಮಾಡುವ ನಿಯಮ ಸಂಘದಲ್ಲಿತ್ತು. ಮೂಟೆ ಸೊರಬದಲ್ಲಿ, ಚೀಟಿಯ ಮೇಲೆ ಶಿಕಾರಿಪುರ. ಅಂಥ ಚೀಟಿಯೊಂದಿಗೆ ಮೂಟೆ ಮುಂದೆ ಹೋಗಿದ್ದರೆ ಮೂವತ್ತು ವರ್ಷದ ಅವರ ಹೆಸರು ಹಾಳಾಗುತ್ತಿತ್ತು. ನಾನು ಕ್ಷಮೆ ಕೇಳಿದೆ. ಅಂಟಿದ ಚೀಟಿಗಳನ್ನೆಲ್ಲ ಕೆರೆದು ತೆಗೆಸಿ, ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಒಂದೊಂದಾಗಿ ಬರೆಯತೊಡಗಿದೆ. ಜಡೆಯವರು ತಮ್ಮ ಮೂಟೆಯ ಮೇಲೆ ಕೂತು ಕಾದರು. ಅವರ ಊರಿನ ಡಕಾರ ದಕಾರದ ಹಾಗೆ ಕಾಣುತ್ತದೆ ಎಂದು ಒಂದನ್ನು ಎರಡು ಸಲ ಬರೆಸಿದರು. ಎಲ್ಲ ಮುಗಿದಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು, ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ.

ಹೊರಡುವಾಗ ಅವರು ರಟ್ಟನ್ನು ದೂರ ಹಿಡಿದು ನೋಡಿ ಸಂತೋಷಪಟ್ಟರು. ಅಕ್ಷರ ಚಂದ ಇದೆ ಮೇಡಂ, ಮೊದಲಿಂದಲೂ ಹೀಗೇ ಬರೆದಿದ್ದರೆ ಈ ಕಂಪ್ಯೂಟರಿಗೆ ಯಾಕೆ ತೊಂದರೆ ಕೊಡಬೇಕಿತ್ತು ಎಂದು ಕೇಳಿದರು.

ಇದೇ

ಇದಾದ ಮೇಲೆ ಕಾರ್ಯದರ್ಶಿಗಳ ಆದೇಶ ಬಂತು. ಮೂಲೆಯಲ್ಲಿ ಸಣ್ಣದಾಗಿ ಬರುವ ಊರಿನ ಹೆಸರು ಸಾಲದು, ಇನ್ನು ಮುಂದೆ ಪ್ರತಿ ಚೀಟಿಯ ತಲೆಯ ಮೇಲೆ ಅದು ಯಾವ ಬ್ರಾಂಚ್ ಎಂದು ಕಂಪ್ಯೂಟರೇ ಹಾಕಬೇಕು. ನಾನು ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಅಂದರೆ ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಯಂತ್ರಕ್ಕೆ ಸಾಲುಸಾಲಾಗಿ ಬರೆದುಕೊಡುವ ಪಟ್ಟಿ. ಯಂತ್ರಕ್ಕೆ ಬ್ರಾಂಚಿನ ಹೆಸರು ಕಂಡುಹಿಡಿಯಲು ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಆದ್ದರಿಂದ ಬೆಳಿಗ್ಗೆ ಶುರು ಮಾಡುವಾಗ ಅದು ಎದುರಿಗೆ ಕೂತವರನ್ನೇ ಯಾವ ಬ್ರಾಂಚ್ ಎಂದು ಇಂಗ್ಲಿಷಿನಲ್ಲಿ ಕೇಳುವ ಹಾಗೆ ಮಾಡಿದೆ. ಅವರು ಟೈಪ್ ಮಾಡಿದ್ದು ದಿನವಿಡೀ ಚೀಟಿಗಳ ಮೇಲೆ ಬರುತ್ತದೆ.

ಸೊರಬದಲ್ಲಿ ಎದುರಿಗೆ ಕೂರುತ್ತಿದ್ದವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಗುಮಾಸ್ತರು. ಒಂದೇ ಬೆರಳಿನಲ್ಲಿ, ಕೀಲಿ ಹುಡುಕಿ, ಒತ್ತುವ ಮೊದಲು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಒತ್ತುವ ಮನುಷ್ಯ. ಸುಳ್ಳು ಲೆಕ್ಕ ಬರೆಯದವರೆಂದು ಎರಡು ತಾಲ್ಲೂಕಿನಲ್ಲೂ ಹೆಸರಿತ್ತು. ಕಂಪ್ಯೂಟರ್ ಅವರನ್ನು ಯಾವ ಬ್ರಾಂಚ್ ಎಂದು ಕೇಳಿತು. ಅವರು ಯೋಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ "ಇದೇ" ಎಂದು ಒತ್ತಿದರು.

ಒಂದು ಲಾರಿ ತುಂಬ ಅಡಿಕೆ "ಇದೇ" ಎಂಬ ಊರಿನಿಂದ ಹೊರಟುಹೋಯಿತು. ಹೊರರಾಜ್ಯದ ವ್ಯಾಪಾರಿಯಿಂದ ಕಾಗದ ಬಂತು, ಈ ಹೆಸರಿನ ಊರು ನಮ್ಮ ಪಟ್ಟಿಯಲ್ಲಿಲ್ಲ, ಮೂಟೆಗಳನ್ನು ಬೇರೆ ಇಟ್ಟಿದ್ದೇವೆ ಎಂದು. ಕಾರ್ಯದರ್ಶಿಗಳು ಮೊದಲು ಕರೆದದ್ದು ನನ್ನನ್ನು. ನಾನು ಸ್ಕ್ರಿಪ್ಟ್ ತೋರಿಸಿ, ಅದು ಕೇಳುತ್ತದೆ, ನಾವು ಹೇಳಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ಗೊತ್ತಿಲ್ಲದ್ದನ್ನ ಕಂಪ್ಯೂಟರ್ ನಮ್ಮನ್ನೇ ಕೇಳೋದಾದ್ರೆ ಅದನ್ನ ಯಾಕ್ರೀ ತಂದ್ವಿ?"

ಅವರು ನನಗೊಂದು, ಸೊರಬದ ಗುಮಾಸ್ತರಿಗೊಂದು ಮೆಮೊ ಕೊಟ್ಟರು. ಗುಮಾಸ್ತರು ನನ್ನ ಹತ್ತಿರ ನೊಂದುಕೊಂಡರು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಇದು ಮೊದಲ ಮೆಮೊ, ಅದು ಕೇಳಿದ್ದಕ್ಕೆ ನಾನು ಸತ್ಯವನ್ನೇ ಹೇಳಿದ್ದೆ, ಕೂತಿದ್ದ ಬ್ರಾಂಚ್ ಇದೇ ತಾನೆ ಎಂದರು. ವಿವರಣೆ ಬರೆದುಕೊಡಲು ಅಚ್ಚಾದ ಒಂದು ಫಾರಂ ಇತ್ತು. ಅವರು ಅದನ್ನು ಒಂದು ತಪ್ಪೂ ಇಲ್ಲದೆ ಭರ್ತಿ ಮಾಡಿ ನನ್ನ ಕೈಯಲ್ಲೇ ಕಳಿಸಿದರು. ಬಸ್ಸಿನಲ್ಲಿ ತೆರೆದು ನೋಡಿದೆ. ಹೆಸರು ಸರಿ ಇತ್ತು, ಹುದ್ದೆ ಸರಿ ಇತ್ತು. ಶಾಖೆ ಎಂಬುದರ ಮುಂದೆ "ಇದೇ" ಎಂದಿತ್ತು.

ಎಸ್ಕೇಪಿನ ಕೆಳಗಿನದು

ಕೇಳದೆಯೇ ಕಂಡುಹಿಡಿಯುವುದು ಹೇಗೆಂದು ತಿಳಿಯಲು ಶಿವಮೊಗ್ಗದ ಎಂಜಿನಿಯರಿಗೆ ಫೋನ್ ಮಾಡಬೇಕಾಯಿತು. ಕಚೇರಿಯ ಫೋನಿಗೆ ಬೀಗ, ಕೀಲಿ ಕಾರ್ಯದರ್ಶಿಗಳ ಜೇಬಿನಲ್ಲಿ. ಹಾಗಾಗಿ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋದೆ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಲೈನು ಅಸ್ಪಷ್ಟ. ಅವನು ಹೇಳಿದ್ದನ್ನು ನಾನು ಜೋರಾಗಿ ತಿರುಗಿ ಹೇಳಬೇಕು, ಅವನು ಹೌದು ಅನ್ನಬೇಕು, ನಾನು ಬರೆದುಕೊಳ್ಳಬೇಕು.

ವಿಷಯ ಸಣ್ಣದು. ಪ್ರೋಗ್ರಾಮ್ ಇರುವ ಜಾಗದಲ್ಲೇ ಸಿವಿಎಸ್ ತನಗಾಗಿ ಒಂದು ಪುಟ್ಟ ಕಡತ ಇಟ್ಟುಕೊಂಡಿರುತ್ತದೆ, ಹೆಸರು ಟ್ಯಾಗ್. ಈಗ ಯಾವ ಬ್ರಾಂಚ್ ಎಂಬುದು ಅದರಲ್ಲಿರುತ್ತದೆ. ಕಡತ ಓದುವ ಆದೇಶಕ್ಕೆ ಕ್ಯಾಟ್ ಎಂದು ಹೆಸರು. ಆ ಆದೇಶವನ್ನು ಉದ್ಧರಣ ಚಿಹ್ನೆಯಂಥ ಎರಡು ಕೊಕ್ಕೆಗಳ ನಡುವೆ ಬರೆದರೆ ಓದಿದ್ದು ಸ್ಕ್ರಿಪ್ಟಿನ ಕೈಗೆ ಸಿಗುತ್ತದೆ. ನಾನು ಹೋಗಿ ಹಾಗೇ ಬರೆದೆ. ಚೀಟಿಯ ಮೇಲೆ ಬ್ರಾಂಚಿನ ಬದಲು ನಾನು ಬರೆದ ಆದೇಶವೇ ಅಕ್ಷರಶಃ ಮೂಡಿತು. ಮರುದಿನ ಮತ್ತೆ ಬೂತಿಗೆ ಹೋದೆ. ಮಾಮೂಲಿ ಕೊಕ್ಕೆ ಅಲ್ಲ, ಹಿಂದಕ್ಕೆ ವಾಲಿದ ಉಲ್ಟಾ ಕೊಕ್ಕೆ ಎಂದ. ಕೀಲಿಮಣೆಯಲ್ಲಿ ವಾಲಿದ್ದು ಯಾವುದು, ವಾಲದ್ದು ಯಾವುದು ನನಗೆ ತಿಳಿಯಲಿಲ್ಲ. ಮತ್ತೆ ಆದೇಶವೇ ಮೂಡಿತು. ಮೂರನೆಯ ದಿನ ನಾನು ಬೂತಿನಲ್ಲಿ ಅಳುವ ಸ್ಥಿತಿಯಲ್ಲಿದ್ದೆ. ಉಲ್ಟಾ ಕೊಕ್ಕೆ, ಉಲ್ಟಾ ಕೊಕ್ಕೆ, ಎಂಟರ್ ಪಕ್ಕದ್ದನ್ನೇ ಒತ್ತಿದೆ ಎಂದು ನಾನು ಕೂಗುವುದು ಬಸ್ ನಿಲ್ದಾಣಕ್ಕೆಲ್ಲ ಕೇಳುತ್ತಿತ್ತು. ಫೋನಿಟ್ಟು ಹೊರಗೆ ಬಂದೆ.

ಸರದಿಯಲ್ಲಿ ನನ್ನ ಹಿಂದೆ ಬಳ್ಳಿಗಾವಿಯ ಒಬ್ಬ ರೈತರು. ಬಾಣಂತಿ ಮಗಳ ಸುದ್ದಿ ಕೇಳಲು ದಿನವೂ ಬಂದು ನಿಲ್ಲುತ್ತಿದ್ದವರು. ಬಹಳ ಸಂಕೋಚದಿಂದ ಮಾತಾಡಿದರು.

"ಮೇಡಂ, ನಾನು ಹೇಳಬಾರದು. ಅವ್ರು ಮೂರು ದಿನದಿಂದ ಎಸ್ಕೇಪ್ ಅನ್ನೋದರ ಕೆಳಗಿಂದು ಒತ್ರಿ ಅಂತ ಹೇಳ್ತಾನೇ ಅದಾರೆ. ನೀವೇ ಅದನ್ನ ಜೋರಾಗಿ ಹೇಳ್ತೀರಿ. ಹೋಗಿ ಎಂಟರ್ ಪಕ್ಕದ್ದು ಯಾಕ್ರೀ ಒತ್ತೀರಿ?"

ಕಚೇರಿಗೆ ಹೋಗಿ ಎಸ್ಕೇಪಿನ ಕೆಳಗಿನದನ್ನು ಒತ್ತಿದೆ. ಆದೇಶ ಮೂಡುವುದು ನಿಂತಿತು, ಬದಲಿಗೆ ಏನು ಮೂಡುತ್ತಿದೆ ಎಂದು ಸಂತೋಷದಲ್ಲಿ ನೋಡಲಿಲ್ಲ. ಹೀಗೆ ಶಿಕಾರಿಪುರ ತಾಲ್ಲೂಕಿನಲ್ಲಿ ಶೆಲ್ ಸ್ಕ್ರಿಪ್ಟ್ ಬಲ್ಲವರು ಇಬ್ಬರಾದೆವು. ನಮ್ಮಲ್ಲಿ ಹೆಚ್ಚು ಚುರುಕಾದವರು ಕಂಪ್ಯೂಟರ್ ನೋಡಿರಲಿಲ್ಲ.

ಬೆಕ್ಕಿನ ಕಾಟ

ಎಂಜಿನಿಯರ್ ಎರಡು ಸಂಗತಿ ಹೇಳಲು ಮರೆತಿದ್ದ. ಮೊದಲನೆಯದು, ಆ ಟ್ಯಾಗ್ ಕಡತ ಇರುವುದು ಬ್ರಾಂಚಿನಲ್ಲಿ ಮಾತ್ರ. ಮೂಲ ಪ್ರೋಗ್ರಾಮಿಗೆ ಅಂಥ ಕಡತವೇ ಇರುವುದಿಲ್ಲ. ಶಿಕಾರಿಪುರದಲ್ಲಿದ್ದದ್ದು ಮೂಲ. ಸ್ಕ್ರಿಪ್ಟ್ ಹೋಗಿ ಇಲ್ಲದ ಕಡತವನ್ನು ಓದು ಅಂದಾಗ ಕ್ಯಾಟ್ ಎಂಬ ಆ ಆದೇಶ ನಿಯಮದಂತೆ ತನ್ನ ಹೆಸರು ಹೇಳಿ, ತೆರೆಯಲು ಆಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ದೂರು ಕೊಟ್ಟಿತು. ಯಾವ ತಪ್ಪನ್ನೂ ಮುಚ್ಚಿಡಬಾರದೆಂದು ನಾನು ದೂರುಗಳೂ ಅಚ್ಚಾಗುವಂತೆ ಮಾಡಿದ್ದೆ. ಚೀಟಿಯ ಮೇಲ್ಸಾಲಿನಲ್ಲಿ ಹದಿನಾರು ಅಕ್ಷರಕ್ಕಷ್ಟೇ ಜಾಗ. ದೂರಿನಲ್ಲಿ ಮೊದಲ ಹದಿನಾರು ಅಕ್ಷರ ಉಳಿದು ಮಿಕ್ಕಿದ್ದು ಕತ್ತರಿಸಿಹೋಯಿತು. ಉಳಿದದ್ದು ಇಷ್ಟು: "ಕ್ಯಾಟ್: ಕೆನಾಟ್ ಓಪನ್."

ಆ ದಿನ ನಾನು ಸೊರಬಕ್ಕೆ ಹೋಗಿದ್ದೆ. ಗೋಡೌನಿನ ಕಾವಲುಗಾರರು ಎಸ್ಸೆಸ್ಸೆಲ್ಸಿ ಓದಿದವರು. ಹಮಾಲರಿಗೆ ಚೀಟಿ ಓದಿ ಅರ್ಥ ಹೇಳುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿದ್ದರು. ಕ್ಯಾಟ್ ಅಂದರೆ ಬೆಕ್ಕು, ಕೆನಾಟ್ ಓಪನ್ ಅಂದರೆ ಬಿಚ್ಚಕೂಡದು ಎಂದು ಬಿಡಿಸಿ ಹೇಳಿದರು. ಮೂಟೆಗೆ ಬೆಕ್ಕಿನ ಕಾಟ ಇದೆ ಎಂದು ಕಂಪ್ಯೂಟರಿಗೆ ಗೊತ್ತಾಗಿದೆ ಎಂದು ಎಲ್ಲರೂ ಒಪ್ಪಿದರು. ಗೋಡೌನಿನಲ್ಲಿ ಹಾಲು ಹಾಕಿ ಸಾಕಿದ ಒಂದು ಬೆಕ್ಕಿತ್ತು. ಅದನ್ನು ಗೋಣಿಯಲ್ಲಿ ಹಾಕಿಕೊಂಡು ಊರಾಚೆ ಬಿಟ್ಟು ಬಂದರು. ಅಧ್ಯಕ್ಷರು ಬಂದಾಗ ಕಾವಲುಗಾರರು ಚೀಟಿ ತೋರಿಸಿ, ಆದೇಶದಂತೆ ಕ್ರಮ ಕೈಗೊಂಡಿದ್ದೇವೆ ಎಂದು ವರದಿ ಒಪ್ಪಿಸಿದರು. ಅಧ್ಯಕ್ಷರು ಮೆಚ್ಚಿದರಂತೆ.

ನಾನು ಬಂದು ಸ್ಕ್ರಿಪ್ಟ್ ಸರಿಮಾಡಿದೆ, ಕಡತ ಇಲ್ಲದಿದ್ದರೆ ಶಿಕಾರಿಪುರ ಎಂದು ಹಾಕುವಂತೆ. ಬೆಕ್ಕನ್ನು ಮಾತ್ರ ತರಲಾಗಲಿಲ್ಲ. ಹದಿನೈದು ದಿನದಲ್ಲಿ ಇಲಿಗಳು ಒಂದು ಸಾಲಿನ ಮೂಟೆಗಳ ತಳವನ್ನೆಲ್ಲ ಕಡಿದುಹಾಕಿದವು. ಬೆಕ್ಕನ್ನು ಹೊರಹಾಕಲು ಕಂಪ್ಯೂಟರ್ ಮೂಲಕ ಆದೇಶ ಹೊರಡಿಸಿದ್ದಕ್ಕೆ ಕಾರಣ ಕೇಳಿ ನನಗೆ ಮೆಮೊ ಬಂತು. ಅದಕ್ಕೆ ಉತ್ತರ ಟೈಪ್ ಮಾಡುತ್ತಾ ಕೂತಿದ್ದಾಗ ಕಾವಲುಗಾರರು ಬಾಗಿಲಲ್ಲಿ ನಿಂತರು. ಬೆಕ್ಕಿಂದು ಆಯ್ತಲ್ರೀ ಮೇಡಂ, ಹಂಗೇ ಇಲಿಗೂ ಒಂದು ಚೀಟಿ ಹೊಡೀರಿ ಎಂದರು.

ಟಿ

ಎಂಜಿನಿಯರ್ ಹೇಳಲು ಮರೆತ ಎರಡನೆಯ ಸಂಗತಿ ಇನ್ನೂ ಚಿಕ್ಕದು. ಟ್ಯಾಗ್ ಕಡತದಲ್ಲಿ ಬ್ರಾಂಚಿನ ಹೆಸರಿನ ಮುಂದೆ ಸಿವಿಎಸ್ ತನ್ನ ಗುರುತಿಗಾಗಿ ಟಿ ಎಂಬ ಒಂದು ಅಕ್ಷರ ಸೇರಿಸಿಕೊಂಡಿರುತ್ತದೆ. ಓದುವವರು ಅದನ್ನು ಕತ್ತರಿಸಿ ಬಿಸಾಡಿ ಉಳಿದದ್ದನ್ನು ತೆಗೆದುಕೊಳ್ಳಬೇಕು. ನಾನು ಕತ್ತರಿಸಿರಲಿಲ್ಲ. ಸೊರಬದ ಮೂಟೆಗಳ ಮೇಲೆಲ್ಲ ಟಿ ಸೊರಬ ಎಂದು ಬಂತು.

ನನಗೆ ಯಾರೂ ಹೇಳಲಿಲ್ಲ. ಮೂರು ವಾರದ ಮೇಲೆ ನಾನಾಗಿ ನೋಡುವಷ್ಟರಲ್ಲಿ ನಡೆಯಬೇಕಾದದ್ದೆಲ್ಲ ನಡೆದುಹೋಗಿತ್ತು. ನಮ್ಮ ಚೀಟಿಗಳಲ್ಲಿ ಅಡಿಕೆಯ ದರ್ಜೆಗೆ ಒಂದೊಂದೇ ಇಂಗ್ಲಿಷ್ ಅಕ್ಷರ. ರಾಶಿಗೆ ಆರ್, ಬೆಟ್ಟೆಗೆ ಬಿ, ಸರಕಿಗೆ ಎಸ್, ಗೊರಬಲಿಗೆ ಜಿ. ಟೆಂಡರಿನ ದಿನ ಬಂದ ವ್ಯಾಪಾರಿಗಳು ಇದನ್ನೆಲ್ಲ ಬಲ್ಲವರು. ಒಬ್ಬ ವ್ಯಾಪಾರಿ ಟಿ ನೋಡಿ, ಇದು ಹೊಸ ದರ್ಜೆ ಇರಬೇಕು, ಗೊತ್ತಿಲ್ಲ ಎಂದು ತೋರಿಸಿಕೊಳ್ಳಬಾರದು ಎಂದು ಸ್ವಲ್ಪ ಹೆಚ್ಚಿನ ಬೆಲೆ ಬರೆದರು. ಇವರಿಗೆ ಏನೋ ಗೊತ್ತಿದೆ ಎಂದು ಮಿಕ್ಕವರು ಮುಂದಿನ ವಾರ ಇನ್ನೂ ಹೆಚ್ಚಿಗೆ ಬರೆದರು. ಮೂರನೆಯ ವಾರ ಟಿ ಬೇಕೇ ಬೇಕು ಎಂದು ಎರಡು ಮಂಡಿಯವರು ಕೈ ಕೈ ಮಿಲಾಯಿಸುವವರೆಗೆ ಹೋಗಿತ್ತು. ಸೊರಬದ ಬೆಳೆಗಾರರು ಗುಮಾಸ್ತರಿಗೆ ಶಾಲು ಹೊದಿಸಿದ್ದರು.

ಶಿಕಾರಿಪುರದವರು ಬಂದು ನಮಗ್ಯಾಕೆ ಟಿ ಇಲ್ಲ ಎಂದು ಗಲಾಟೆ ಮಾಡಿದಾಗ ಕಾರ್ಯದರ್ಶಿಗಳು ಟಿ ಅಂದರೆ ಏನೆಂದು ನನ್ನನ್ನು ಕೇಳಿದರು. ನಾನು ಸತ್ಯ ಹೇಳಿದೆ. ಅದು ದರ್ಜೆಯಲ್ಲ, ಏನೂ ಅಲ್ಲ, ನನ್ನ ತಪ್ಪಿನಿಂದ ಉಳಿದ ಒಂದು ಅಕ್ಷರ. ಅವರ ಉತ್ತರಕ್ಕೆ ಕಾಯದೆ ಸೊರಬಕ್ಕೆ ಹೋಗಿ ಸ್ಕ್ರಿಪ್ಟಿಗೆ ಒಂದು ಆದೇಶ ಸೇರಿಸಿದೆ. ಮೊದಲ ಅಕ್ಷರ ಕತ್ತರಿಸಿಹೋಯಿತು. ಇಷ್ಟು ವರ್ಷದಲ್ಲಿ ನನ್ನ ಸ್ಕ್ರಿಪ್ಟ್ ಪೂರ್ತಿ ಸರಿಯಾದದ್ದು ಆವತ್ತು.

ಆ ವಾರದ ಟೆಂಡರಿನಲ್ಲಿ ಸೊರಬದ ಮೂಟೆಗಳ ಹತ್ತಿರ ಯಾರೂ ಬರಲಿಲ್ಲ. ಟಿ ಇಲ್ಲದ್ದು ಬೇಡ ಎಂದು ಹೇಳಿ ವ್ಯಾಪಾರಿಗಳು ಚಹಾ ಕುಡಿದು ಹೋದರು. ಮರುದಿನ ಸೊರಬದಿಂದ ಎರಡು ವ್ಯಾನಿನಲ್ಲಿ ಜನ ಬಂದು ಕಚೇರಿಯ ಮುಂದೆ ಕೂತರು. ಅವರಲ್ಲಿ ಸಾಲವಿದ್ದವರಿದ್ದರು, ಮನೆಯಲ್ಲಿ ಮದುವೆ ಇಟ್ಟುಕೊಂಡವರಿದ್ದರು. ಅವರ ಸಿಟ್ಟು ಸುಳ್ಳಿನದಲ್ಲ. ಈಕೆ ಶಿಕಾರಿಪುರದವಳು, ಹೊಟ್ಟೆಕಿಚ್ಚಿಗೆ ನಮ್ಮ ಟಿ ತೆಗೆದಳು ಎಂದು ನನ್ನ ಕಿಟಕಿಯ ಕಡೆ ಕೈ ತೋರಿಸಿ ಒಬ್ಬರು ಹೇಳುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ.

ಮಂಡಳಿಯ ತುರ್ತು ಸಭೆ ಕರೆದರು. ನಾನು ನಿರ್ದೇಶಕರನ್ನೆಲ್ಲ ಪರದೆಯ ಮುಂದೆ ನಿಲ್ಲಿಸಿ ಆ ಕಡತ ತೆರೆದು ತೋರಿಸಿದೆ. ಒಂದೇ ಸಾಲು, ಮೊದಲಿಗೆ ಟಿ, ಆಮೇಲೆ ಸೊರಬ. ಅಡಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅಧ್ಯಕ್ಷರು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ.

"ನೀವು ಹೇಳೋದು ಖರೆ ಇರಬಹುದ್ರೀ. ಆದ್ರೆ ಮಾರ್ಕೆಟ್ಟೇ ಒಪ್ಪಿಕೊಂಡಿದ್ದನ್ನ ನೀವೊಬ್ರು ಇಲ್ಲ ಅಂದ್ರೆ ಹೆಂಗೆ?"

ನಿರ್ಣಯವಾಯಿತು. ಟಿ ದರ್ಜೆಯನ್ನು ಮರಳಿ ಜಾರಿಗೆ ತರುವುದು. ಶಿಕಾರಿಪುರಕ್ಕೂ ವಿಸ್ತರಿಸುವುದು. ಎಲ್ಲರಿಗೂ ಕೊಟ್ಟರೆ ಬೆಲೆ ಇಳಿಯುತ್ತದಾದ್ದರಿಂದ ಯಾವ ಮೂಟೆ ಟಿ, ಯಾವುದು ಅಲ್ಲ ಎಂದು ತೀರ್ಮಾನಿಸಲು ಒಬ್ಬ ಟಿ ದರ್ಜೆ ಪರೀಕ್ಷಕರನ್ನು ನೇಮಿಸುವುದು. ಹುದ್ದೆ ಕಾಯಂ. ಅನುಮತಿ ಇಲ್ಲದೆ ದರ್ಜೆ ರದ್ದು ಮಾಡಿದ್ದಕ್ಕೆ ಕಂಪ್ಯೂಟರ್ ವಿಭಾಗದವರಿಗೆ ಛೀಮಾರಿ. ಕಂಪ್ಯೂಟರ್ ವಿಭಾಗದವರು ಅಂದರೆ ನಾನು.

ಆ ಹುದ್ದೆಗೆ ನಾನೂ ಅರ್ಜಿ ಹಾಕಿದೆ. ಟಿ ಅಂದರೆ ಏನೆಂದು ಎರಡು ತಾಲ್ಲೂಕಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎಂಬ ಧೈರ್ಯದಿಂದ. ಸಂದರ್ಶನದಲ್ಲಿ ಎಲೆಅಡಿಕೆ ಹಾಕುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಮುಂದೆ ಏನೂ ಕೇಳಲಿಲ್ಲ. ಆಯ್ಕೆಯಾದವನು ಅಧ್ಯಕ್ಷರ ಅಕ್ಕನ ಮಗ, ಮೂವತ್ತು ದಾಟಿದವನು, ಅಲ್ಲಿಯವರೆಗೆ ಏನು ಮಾಡುತ್ತಿದ್ದನೋ ಯಾರಿಗೂ ಗೊತ್ತಿಲ್ಲ. ಒಂದು ವಾರ ಅವನಿಗೆ ಕೆಲಸ ಕಲಿಸಬೇಕೆಂದು ನನಗೆ ಆದೇಶ ಬಂತು.

ಮೊದಲ ದಿನ ಅವನನ್ನು ಗೋಡೌನಿಗೆ ಕರೆದುಕೊಂಡು ಹೋದೆ. ಇವನಿಗಾದರೂ ಸತ್ಯ ಹೇಳಿಬಿಡೋಣ, ಕೆಲಸ ಹಗುರಾಗುತ್ತದೆ ಎಂದು ಬಾಯಿ ತೆರೆದೆ. ಅವನು ಕೈಯೆತ್ತಿ ನನ್ನನ್ನು ತಡೆದ. ಬಿಚ್ಚಿದ ಒಂದು ಮೂಟೆಯಿಂದ ಅಡಿಕೆ ತೆಗೆದು, ಮೂಸಿ, ಒಡೆದು, ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಇದು ಟಿ ಎಂದ. ಇನ್ನೊಂದು ತೆಗೆದು ಅದನ್ನೂ ಹಾಗೇ ಅಗಿದು, ಇದು ಅಲ್ಲ ಎಂದ. ಎರಡೂ ಒಂದೇ ಮೂಟೆಯವು ಎಂದು ನಾನು ತೋರಿಸಿದೆ. ಅವನು ಬಾಗಿಲಾಚೆ ಉಗಿದು ಬಂದು, ನನ್ನನ್ನು ಮರುಕದಿಂದ ನೋಡಿದ.

"ಅದು ನಿಮಗೆ ಗೊತ್ತಾಗಲ್ಲ ಬಿಡ್ರೀ ಮೇಡಂ. ನಿಮ್ಮದು ಕಂಪ್ಯೂಟರ್ ಲೈನು."